ಮಚ್ಚು ತಂದಿಟ್ಕೊಂಡು ಕೊಂದ್ರೆ ಅದು ‘ದುಡುಕು’ ಹೇಗಾಗತ್ತೆ?

ಸಾಗರದ ಹುಡ್ಗ:
ಇವತ್ತಿನ ಪೇಪರಲ್ಲಿ ಗಂಡ ಹೆಂಡತೀನ ಕೊಂದ ಸುದ್ದಿ. "ದುಡುಕಿ ಕೃತ್ಯ ಎಸಗಿದ್ದಾನೆ" ಅಂತ ಬರ್ದಿದಾರೆ, ಅದೇ ವರದಿ ಕೆಳಗಡೆ ಹಿಂದಿನ ದಿನಾನೇ ಮಚ್ಚು ತಂದಿಟ್ಟಿದ್ದ ಅಂತಾನೂ ಇದೆ. ಓದಿ ಮೈಯೆಲ್ಲಾ ಉರೀತು. ಇದಕ್ಕೆ ದುಡುಕು ಅನ್ಬೋದಾ?

ನಂಜನಗೂಡು ಮೇಷ್ಟ್ರು:
ಖಂಡಿತ ಅನ್ಬಾರ್ದು. ಮುಂಗುಸಿ ಕತೆ ನೆನಪಿದ್ಯಲ್ಲ, ಮುಂಗುಸಿ ಬಾಯಲ್ಲಿ ರಕ್ತ ಕಂಡಿದ್ದೇ ತಡ ಆ ತಾಯಿ ಮಗೂನೇ ಕಚ್ಚಿದೆ ಅಂದ್ಕೊಂಡು ಅದನ್ನ ಹೊಡೆದು ಹಾಕಿದ್ಲು, ಆಮೇಲೆ ಒಳಗೆ ಹೋಗಿ ನೋಡಿದ್ರೆ ಮಗು ತೊಟ್ಟಿಲಲ್ಲಿ ಆರಾಮಾಗಿದೆ, ಪಕ್ಕದಲ್ಲಿ ಹಾವು ಸತ್ತು ಬಿದ್ದಿದೆ. ನಾಲ್ಕು ಹೆಜ್ಜೆ ಒಳಗೆ ಹೋಗಿ ನೋಡೋಷ್ಟು ತಾಳ್ಮೆ ಇರ್ಲಿಲ್ಲ, ಅದು ದುಡುಕು. ಹಿಂದಿನ ದಿನ ಮಚ್ಚು ತಂದವನಿಗೆ ಯೋಚ್ನೆ ಮಾಡೋಕೆ ಒಂದಿಡೀ ರಾತ್ರಿ ಇತ್ತು.

ಹುಬ್ಬಳ್ಳಿ ಮಂದಿ:
ಮೇಷ್ಟ್ರ ಮಾತು ಖರೇ ಐತಿ. ನಮ್ ಕಡೆ ಗಡಿಬಿಡಿ ಬ್ಯಾರೆ, ದುಡುಕು ಬ್ಯಾರೆ. ಬಸ್ ತಪ್ತದ ಅಂತ ಓಡಿದ್ರ ಗಡಿಬಿಡಿ, ಹಿಂದ ಮುಂದ ನೋಡ್ದ ಓಡೋ ಬಸ್ಸಿಗೆ ಜಿಗದ್ರ ದುಡುಕು, ಕಂಡಕ್ಟರ್ ಬ್ಯಾಡೋ ಅಂತ ಒದರಿದ್ರೂ ನನಗೇನಾಗ್ತದ ಅಂತ ಜಿಗದ್ರ ಹುಂಬತನ. ರಸ್ತೆದಾಗ "ಅವಸರವೇ ಅಪಘಾತಕ್ಕೆ ಕಾರಣ" ಅಂತ ಬೋರ್ಡ್ ಇರ್ತದಲ್ರಿ, ಅಲ್ಲಿ ಅವಸರ ಅನ್ನೋದಽ ಬರೋಬ್ಬರಿ.

ಗೌಳ ರಾಗ:
ಒಂದು ಸಣ್ಣ ತಕರಾರು. ದುಡುಕು ಅಂದ್ರೆ ಒಂದು ಕ್ಷಣದ್ದು ಮಾತ್ರ ಅಂತ ಯಾಕೆ? ಕರ್ನಾಟಕ ಸಂಗೀತದಲ್ಲಿ ತ್ಯಾಗರಾಜರ ಪಂಚರತ್ನ ಅಂತ ಐದು ಕೃತಿಗಳಿವೆ, ಅದ್ರಲ್ಲಿ ಗೌಳ ರಾಗದ ಕೃತಿ "ದುಡುಕುಗಲ" ಅಂತಾನೇ ಶುರುವಾಗತ್ತೆ, ಅದ್ರಲ್ಲಿ ಅವರು ತಮ್ಮ ನಡತೆಯ ತಪ್ಪುಗಳನ್ನೆಲ್ಲ ಸಾಲಾಗಿ ಹೇಳ್ಕೊಂಡು ಇಂಥವನನ್ನ ಯಾರು ಕಾಪಾಡ್ತಾರೆ ಅಂತ ಕೇಳ್ತಾರೆ. ಅಲ್ಲಿ ದುಡುಕು ಅಂದ್ರೆ ಬಾಳಿನ ದುರ್ನಡತೆ.

ನಂಜನಗೂಡು ಮೇಷ್ಟ್ರು:
ಅದು ತೆಲುಗು ಅಮ್ಮಾ, ಅಲ್ಲಿ ಪದದ ಹರವು ದೊಡ್ಡದು. ಕನ್ನಡದಲ್ಲಿ "ದುಡುಕಬೇಡ" ಅಂತ ಯಾರಿಗೆ ಹೇಳ್ತೀವಿ? ಇನ್ನೂ ಕೈ ಎತ್ತದೇ ಇರೋನಿಗೆ. ಸ್ವಭಾವದ ಮಾತಾದ್ರೆ "ದುಡುಕು ಸ್ವಭಾವ", "ದುಡುಕು ಬುದ್ಧಿ" ಅಂತ ಇನ್ನೊಂದು ಪದ ಸೇರಿಸ್ತೀವಿ.

ಕೋರ್ಟ್ ಹಾಲ್:
ನಾನು ವಕೀಲ. ಕಾನೂನಲ್ಲಿ ಇದರ ಅರ್ಥ ಸ್ವಲ್ಪ ಬೇರೆ. ಅಪಾಯಕಾರಿಯಾಗಿ ವಾಹನ ಓಡಿಸೋದು, ಉದ್ದೇಶ ಇಲ್ದೆ ಸಾವಿಗೆ ಕಾರಣ ಆಗೋದು, ಇವಕ್ಕೆ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 279, 304ಎ, 2024ರ ಜುಲೈ 1ರಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281 ಮತ್ತು 106, ಇಲ್ಲೆಲ್ಲ ದುಡುಕು ಮತ್ತು ನಿರ್ಲಕ್ಷ್ಯ ಅಂತ ಎರಡಿದೆ. ಅಪಘಾತದ ಎಫ್‌ಐಆರ್ ತೆಗೆದು ನೋಡಿ, "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ" ಅಂತಿರತ್ತೆ. ಅಪಾಯ ಇದೆ ಅಂತ ಗೊತ್ತಿದ್ದೂ ಏನೂ ಆಗಲ್ಲ ಅಂತ ನುಗ್ಗೋದು ಅಲ್ಲಿ ದುಡುಕು, ಅಂದ್ರೆ ಹುಬ್ಬಳ್ಳಿಯವರು ಹೇಳಿದ ಹುಂಬತನಕ್ಕೇ ಹತ್ತಿರ. ಆದ್ರೆ ಕೊಲ್ಲೋ ಉದ್ದೇಶ ಇದ್ರೆ ಈ ಕಲಂಗಳು ಬರೋದೇ ಇಲ್ಲ. ಹಠಾತ್ ಪ್ರಚೋದನೆಯಿಂದ ಆಯ್ತು ಅನ್ನೋದು ಕೊಲೆ ಕೇಸಲ್ಲಿ ಆರೋಪಿ ಕೋರ್ಟಲ್ಲಿ ತೋರಿಸ್ಬೇಕಾದ ವಾದ. ವರದಿಗಾರರು ಅದನ್ನ ಮೊದಲೇ ಅವನ ಪರವಾಗಿ ಬರ್ದುಬಿಟ್ರೆ ಸತ್ತವಳ ಪರ ಮಾತಾಡೋರು ಯಾರು?

ಮಂಡ್ಯ ಅಕ್ಕ:
ಸಿಟ್ಟಲ್ಲಿ ಕುಯ್ದ ಮೂಗು ಶಾಂತ ಆದ್ಮೇಲೆ ಬಂದದಾ ಅಂತಾರೆ ನಮ್ಮೂರಲ್ಲಿ. ಆ ಗಾದೆ ಸಿಟ್ಟು ಮಾಡ್ಕೊಳೋನಿಗೆ ಎಚ್ಚರಿಕೆ ಕಣಪ್ಪಾ, ಮೂಗು ಕುಯ್ದೋನಿಗೆ ಮಾಫಿ ಅಲ್ಲ. ಹೆಂಗಸು ಸತ್ತಾಗ್ಲೇ ಯಾಕೆ ಈ ಪದ ನೆನಪಾಗದು? ಬ್ಯಾಂಕ್ ಲೂಟಿ ಮಾಡ್ದೋನ ದುಡುಕಿ ಲೂಟಿ ಮಾಡ್ದ ಅಂತ ಬರೆದಾರಾ?

ಸಾಗರದ ಹುಡ್ಗ:
ಅಕ್ಕಾ, ನಾನು ಕೇಳ್ಬೇಕು ಅಂದ್ಕೊಂಡಿದ್ದನ್ನೇ ಕೇಳಿದ್ರಿ. ಸಂಪಾದಕರಿಗೆ ಪತ್ರ ಬರೀತಿದೀನಿ, "ದುಡುಕಿ" ಅನ್ನೋದು ತೆಗೆದು "ಕೊಂದ ಆರೋಪ" ಅಂತಷ್ಟೇ ಹಾಕಿ, ಮಚ್ಚು ತಂದ ವಿಷ್ಯ ಕೊನೇ ಸಾಲಿಂದ ಮೇಲಕ್ಕೆ ತನ್ನಿ ಅಂತ. ವಕೀಲ್ರೇ, ಕಳ್ಸೋಕೆ ಮುಂಚೆ ಒಂದ್ಸಲ ನೋಡ್ಕೊಡ್ತೀರಾ?

ಕೋರ್ಟ್ ಹಾಲ್:
ಇಲ್ಲೇ ಹಾಕಿ, ಸಂಜೆ ನೋಡ್ತೀನಿ.