ಸಹಾಯ ಬೇಕು: ಕಂಪನಿ ಆಂಪ್‌ಗೆ ಹೊರಗಿನ ಸ್ಟೀರಿಯೊ, ಎಂಜಿನ್ ಜೊತೆ ಕುಂಯ್ ಸದ್ದು

ಶಿವಮೊಗ್ಗ ಕಡೆಯ ಕಾರ್ ಆಡಿಯೊ ಬಲ್ಲವರು ದಯವಿಟ್ಟು ನೋಡಿ. ಸೀಟಿನಡಿ ಕಂಪನಿಯದೇ ಆಂಪ್ (ಸ್ಪೀಕರಿಗೆ ಸಿಗ್ನಲ್ ಹೆಚ್ಚಿಸಿ ಕೊಡುವ ಆಂಪ್ಲಿಫೈಯರ್) ಇರುವ ಕಾರಿಗೆ ಹೊರಗಿನ ಆಂಡ್ರಾಯ್ಡ್ ಸ್ಟೀರಿಯೊ ಹಾಕಿದೆ. ಸ್ಟೀರಿಯೊ ಹಿಂದಿನ ಆರ್‌ಸಿಎ ಔಟ್‌ನಿಂದ (ಹಾಡಿನ ಸಿಗ್ನಲ್ ಹೊರಬರುವ ಸಾಕೆಟ್) ಆಂಪ್ ಇನ್‌ಪುಟ್‌ಗೆ ವೈರ್ ಹೋಗಿದೆ. ನೀಲಿ-ಬಿಳಿ ರಿಮೋಟ್ ವೈರಿನಲ್ಲಿ 12 ವೋಲ್ಟ್ ಇದೆ, ಆಂಪ್ ಆನ್ ಆಗುತ್ತದೆ, ಹಾಡೂ ಚೆನ್ನಾಗಿಯೇ ಕೇಳುತ್ತದೆ. ಎಂಜಿನ್ ಸ್ಟಾರ್ಟ್ ಆದೊಡನೆ ಕುಂಯ್ ಸದ್ದು ಶುರು. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತದೆ. ವಾಲ್ಯೂಮ್ ಸೊನ್ನೆಗಿಳಿಸಿದರೂ ಅಷ್ಟೇ.

ಆರ್‌ಸಿಎ ಬಿಚ್ಚಿ ಆಂಪ್ ಇನ್‌ಪುಟ್‌ನ ಪ್ಲಸ್-ಮೈನಸ್ ಶಾರ್ಟ್ ಮಾಡಿದರೆ ಸದ್ದಿಲ್ಲ. ಹಾಗಾಗಿ ಗುಮಾನಿ ಗ್ರೌಂಡ್ ಲೂಪ್ ಮೇಲೆ, ಅಂದರೆ ಎರಡು ಕಡೆಯ ಗ್ರೌಂಡ್ ನಡುವಿನ ವ್ಯತ್ಯಾಸ ಸಿಗ್ನಲ್ಲಿಗೆ ಸೇರಿ ಸದ್ದಾಗುತ್ತಿದೆ ಎಂದು. ಈ ಆಂಪ್‌ನಲ್ಲಿ ಮೈನಸ್ ಕೂಡ ಸಿಗ್ನಲ್ಲೇ, ಚಾಸಿಗೆ (ಕಾರಿನ ಲೋಹದ ಮೈಗೆ) ಸೇರಿಲ್ಲ. ಆರ್‌ಸಿಎ ಹೊರಕವಚವೋ ಸ್ಟೀರಿಯೊ ಗ್ರೌಂಡ್. ಸ್ಟೀರಿಯೊ ಗ್ರೌಂಡನ್ನು ಪೇಂಟ್ ಕೆರೆದು ಬಿಗಿದಾಗಿದೆ, ಮಳೆಗಾಲದ ಕಿಲುಬೂ ಇಲ್ಲ.

ಆಂಪ್ ತೆಗೆದು ಸ್ಟೀರಿಯೊದಿಂದ ಸ್ಪೀಕರಿಗೆ ನೇರ ಕೊಡಿ ಅನ್ನಬೇಡಿ ಮಾರಾಯ್ರೇ. ಸ್ಪೀಕರ್ ಮಲ್ಟಿಮೀಟರಿನಲ್ಲಿ 1.8 ಓಮ್, ಅಂದರೆ 2 ಓಮಿನವು. ಸ್ಟೀರಿಯೊಗೆ ಕನಿಷ್ಠ 4 ಬೇಕು, ಅದರೊಳಗಿನ ಐಸಿ (ಚಿಪ್) ಸುಟ್ಟೀತು.

ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಸಾಕೇ, ಪ್ಲಸ್-ಮೈನಸ್ ಎರಡರಲ್ಲೂ ಸಿಗ್ನಲ್ ಕೊಡುವ ಬ್ಯಾಲೆನ್ಸ್ಡ್ ಲೈನ್ ಡ್ರೈವರೇ ಬೇಕೇ? ಅಗ್ಗದ ಐಸೊಲೇಟರಿನಲ್ಲಿ ಬಾಸ್ ಸೊರಗುತ್ತದೆ, ಅದೇ ಚಿಂತೆ. ಬಳಸಿದವರು ಮಾಡೆಲ್ ಹೇಳಿ. ಶಿವಮೊಗ್ಗದಲ್ಲೇ ಸಿಗುವುದಾದರೆ ಇನ್ನೂ ಅನುಕೂಲ.