ಮುಖಕಮಲ ಅರಳಿದ್ದು ರೂಪಕವೋ, ಉಪಮೆಯೋ?

ಚಿಗುರು: 'ಸೀತೆಯ ಮುಖಕಮಲ ಅರಳಿತು' – ಒಂದು ಗೈಡಿನಲ್ಲಿ ರೂಪಕ (ಎರಡೂ ಒಂದೇ ಅನ್ನೋ ಅಲಂಕಾರ) ಅಂತಿದೆ, ಇನ್ನೊಂದರಲ್ಲಿ ಲುಪ್ತೋಪಮೆ (ಉಪಮೆಯ, ಅಂದರೆ ಹೋಲಿಕೆಯ, ಒಂದು ಬಗೆ). ಯಾವುದು ಸರಿ?

ಅಲ್ಪಪ್ರಾಣ: ಲುಪ್ತೋಪಮೆ. ಉಪಮೆಗೆ ನಾಲ್ಕು ಅಂಗ: ಉಪಮೇಯ (ಹೋಲಿಸಲ್ಪಡುವುದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ವಾಚಕಪದ ('ಅಂತೆ'ಯಂಥ ಹೋಲಿಕೆಯ ಪದ), ಸಮಾನಧರ್ಮ (ಎರಡಕ್ಕೂ ಇರುವ ಗುಣ). ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಇಲ್ಲಿ 'ಅಂತೆ' ಬಿಟ್ಟುಹೋಗಿದೆ. ಸಮಾಸ ಬಿಡಿಸಿ ನೋಡಿ: ಕಮಲದಂತಿರುವ ಮುಖ.

ತುಂಗಾತೀರ: 'ಮುಖವೇ ಕಮಲ' ಅಂತಲೂ ಬಿಡಿಸಬಹುದಲ್ಲ, 'ವಿದ್ಯೆಯೇ ಧನ, ವಿದ್ಯಾಧನ' ಇದ್ದ ಹಾಗೆ. ಸಮಾಸ ಎರಡು ಕಡೆಗೂ ವಾಲುತ್ತೆ, ತೀರ್ಪು ಕೊಡೋದು ಕ್ರಿಯಾಪದ. ಅರಳೋದು ಕಮಲದ ಕೆಲಸ, ಹಾಗಾಗಿ ರೂಪಕ. ಅದೇ 'ಮುಖಕಮಲವನ್ನು ಸೆರಗಿನಿಂದ ಒರೆಸಿಕೊಂಡಳು' ಅಂತ ಬರೆದರೆ? ಒರೆಸಿಕೊಳ್ಳೋದು ಮುಖವನ್ನ, ಕಮಲವನ್ನಲ್ಲ. ಅಲ್ಲಿ ಉಪಮೆ.

ಅಲ್ಪಪ್ರಾಣ: ಮುಖವೂ ಅರಳುತ್ತೆ ಸ್ವಾಮಿ. 'ಸುದ್ದಿ ಕೇಳಿ ಮುಖ ಅರಳಿತು' ಅನ್ನಲ್ವಾ?

ತುಂಗಾತೀರ: ಒಳ್ಳೆ ಪಟ್ಟು. ಆದರೆ ಅದು ಲಕ್ಷ್ಯಾರ್ಥ (ನೇರ ಅರ್ಥ ಬಿಟ್ಟು ಹೊಂದಿಸಿಕೊಳ್ಳೋ ಅರ್ಥ), ಅರಳುವುದರ ಮುಖ್ಯಾರ್ಥ ಹೂವಿಗೇ ಸೇರಿದ್ದು. ನಿಜವಾಗಿ ಎರಡೂ ಕಡೆ ಸಮನಾಗಿ ಹೊಂದಿಬಿಟ್ಟರೆ ಅದಕ್ಕೆ ಆಲಂಕಾರಿಕರು 'ಸಂದೇಹ ಸಂಕರ' ಅಂತ ಹೆಸರಿಟ್ಟಿದ್ದಾರೆ. ಅನುಮಾನವೇ ಬೇಡ ಅಂದರೆ 'ಮುಖಕಮಲದಲ್ಲಿ ಕಣ್ಣೆಂಬ ದುಂಬಿಗಳು ಸುಳಿದಾಡಿದವು' ಅನ್ನಿ. ದುಂಬಿ ಬಂದಮೇಲೆ ಅದು ಕಮಲವೇ.

ಬಳಪ: ಇದೆಲ್ಲ ಸೂಕ್ಷ್ಮ ಆಯ್ತು. ಉತ್ತರಪತ್ರಿಕೆಗಳಲ್ಲಿ ಹೆಚ್ಚು ಅಂಕ ಹೋಗೋದು 'ಅಂತೆ' ಕಂಡ ಕೂಡಲೇ ಉಪಮೆ ಅಂತ ಬರೆಯೋದರಿಂದ. 'ಮದಗಜದಂತೆ ಹೋರಾಡಿದ' ಉಪಮೆ, ಸರಿ. 'ಆಕಾಶವೇ ಕಳಚಿ ಬಿತ್ತೋ ಎಂಬಂತೆ ಮಳೆ ಸುರಿಯಿತು' ಉತ್ಪ್ರೇಕ್ಷೆ (ಒಂದನ್ನು ಇನ್ನೊಂದಾಗಿ ಕಲ್ಪಿಸಿ ಹೇಳೋ ಅಲಂಕಾರ). ಮದಗಜ ಲೋಕದಲ್ಲಿದೆ, ಕಳಚಿ ಬೀಳೋ ಆಕಾಶ ಇಲ್ಲ. ಆ 'ಓ ಎಂಬಂತೆ' ಅನ್ನೋದೇ ಸುಳಿವು. ಇನ್ನು 'ನಾಳೆ ರಜೆಯಂತೆ' ಬರೀ ಗಾಳಿಸುದ್ದಿ, ಅಲಂಕಾರವೇ ಅಲ್ಲ. 'ಅಂತೆ' ತೆಗೆದು 'ಹಾಗೆ' ಹಾಕಿ: 'ಮದಗಜದ ಹಾಗೆ' ನಿಲ್ಲುತ್ತೆ, 'ನಾಳೆ ರಜೆಯ ಹಾಗೆ' ನಿಲ್ಲಲ್ಲ.

ಚಿಗುರು: ಹಾಗಾದರೆ ಮುಖಕಮಲಕ್ಕೆ ಸಮನ್ವಯ (ಅಲಂಕಾರದ ಲಕ್ಷಣವನ್ನು ವಾಕ್ಯಕ್ಕೆ ಹೊಂದಿಸಿ ತೋರಿಸೋದು) ಹೇಗೆ ಬರೀಲಿ?

ಬಳಪ: ಉಪಮೇಯ: ಮುಖ. ಉಪಮಾನ: ಕಮಲ. ಎರಡಕ್ಕೂ ಭೇದವಿಲ್ಲವೆಂಬಂತೆ ವರ್ಣಿಸಿರುವುದರಿಂದ ರೂಪಕ. ಅಷ್ಟೇ. ಅಭ್ಯಾಸಬಲದಿಂದ 'ವಾಚಕಪದ: ಅಂತೆ' ಅಂತ ಸೇರಿಸಿಬಿಟ್ಟೀರಿ, ಅಲ್ಲಿಗೆ ನೀವೇ ಉಪಮೆ ಅಂತ ಒಪ್ಪಿಕೊಂಡ ಹಾಗೆ.

ಅಲ್ಪಪ್ರಾಣ: ದುಂಬಿ ಬಂದರೆ ನನ್ನ ವಾದ ಬಿಟ್ಟೆ. ಬರೀ 'ಅರಳಿತು' ಅಂದರೆ ಬಿಡಲ್ಲ.