ಶರಣು ಕಾಕಾನ ಫಾರ್ವರ್ಡ್, ಝೆನ್ ಗಾಡಿ ರೇಸು

ಗುಂಪು: ನಮ್ಮ ಮನಿ ಮಂದಿ, ರಾಯಚೂರು–ಸಿಂಧನೂರು–ಗಂಗಾವತಿ

*ಶರಣು ಕಾಕಾ, ಬೆಳಿಗ್ಗೆ 7:12*
_ಹಲವು ಬಾರಿ ಫಾರ್ವರ್ಡ್ ಆಗಿದೆ_
ಹಳೆ ಕಾರು ಇರುವವರೆಲ್ಲ ತಪ್ಪದೇ ಓದಿ!! ಗಾಡಿ ನಿಂತಾಗಲೂ ಇಂಜಿನ್ ಜೋರಾಗಿ ಓಡುತ್ತಿದೆಯೇ? ಗ್ಯಾರೇಜಿನವರು ಹೇಳದ ಗುಟ್ಟು ಇಲ್ಲಿದೆ. 1) ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಪಕ್ಕದ ಸ್ಕ್ರೂ ಎರಡು ಸುತ್ತು ತಿರುಗಿಸಿ. 2) ಬ್ಯಾಟರಿ ವೈರ್ 5 ನಿಮಿಷ ತೆಗೆದಿಡಿ. 3) ಥರ್ಮೋಸ್ಟಾಟ್ ಕಿತ್ತು ಬಿಸಾಡಿ. ಅದು ಚಳಿ ದೇಶದವರಿಗೆ ಮಾಡಿದ್ದು, 42 ಡಿಗ್ರಿ ಬಿಸಿಲಿನ ನಮ್ಮ ಊರಿಗೆ ಬೇಡವೇ ಬೇಡ. ಮೈಲೇಜ್ ಡಬಲ್! ಹತ್ತು ಜನರಿಗೆ ಕಳಿಸಿ.

*ಶರಣು ಕಾಕಾ, 7:13*
ನಮ್ಮ ಮಾರುತಿ ಝೆನ್ನಿಗಿ ಇದೇ ಆಗೈತಿ ನೋಡ್ರಿ. ಸಿಗ್ನಲ್ಲಿಗಿ ನಿಂತ್ರ ಟ್ರ್ಯಾಕ್ಟರ್ ಗತೆ ಹೊಡ್ಕೊಂತೈತಿ.

*ದೊಡ್ಡಪ್ಪ, 7:20*
🙏 ಉಪಯುಕ್ತ ಮಾಹಿತಿ. ಈಗಿನ ಹುಡುಗರು ಒಂದು ಸ್ಪ್ಯಾನರ್ ಹಿಡಿಯಾಕೂ ಕಲ್ತಿಲ್ಲ. ಹಾರನ್ ಹೊಡಿಯೋದೊಂದು ಬರತೈತಿ.

*ವೀಣಾ, 7:31*
ಇದನ್ನ ಬರದವರು ಯಾರ್ರಿ ಕಾಕಾ? ಮೂರನೇದ್ದು ಪೂರಾ ಉಲ್ಟಾ ಐತಿ. ಥರ್ಮೋಸ್ಟಾಟ್ ತಗದ್ರ ರೇಸ್ ಏರತೈತಿ, ಇಳಿಯಂಗಿಲ್ಲ.

*ಮಲ್ಲು, 7:33*
ಬಂತಪಾ ಪುರಾವೆ ಇಲಾಖೆ.

*ವೀಣಾ, 7:40*
ನಗು ಮಲ್ಲು. ಹೊರಗ 42 ಇದ್ರೇನು, ಇಂಜಿನ್ನಿಗಿ ಬೇಕಾದ್ದು 80ರಿಂದ 95 ಡಿಗ್ರಿ. ಥರ್ಮೋಸ್ಟಾಟ್ ಅಂದ್ರ ರೇಡಿಯೇಟರಿಗೆ ಹೋಗೋ ನೀರು ತಡಿಯೋ ವಾಲು, ಅದು ತೆರಿಯೋದೇ 82ರ ಆಸುಪಾಸು. ವಾಲು ಇಲ್ಲಂದ್ರ ನೀರು ಸ್ಟಾರ್ಟ್ ಮಾಡಿದಾಗಿಂದನ ರೇಡಿಯೇಟರ್ ಸುತ್ತತೈತಿ. ಲಿಂಗಸೂಗೂರು ರೋಡಿನ್ಯಾಗ 80ರ ಸ್ಪೀಡಿಗಿ ಗಾಳಿ ಹೊಡದ್ರ ಇಂಜಿನ್ ಪೂರಾ ಕಾಯಂಗs ಇಲ್ಲ. ಇಸಿಎಂ, ಅಂದ್ರ ಇಂಜಿನ್ನಿನ ಕಂಪ್ಯೂಟರ್, ‘ಇನ್ನೂ ತಣ್ಣಗೈತಿ’ ಅಂತ ತಿಳ್ಕೊಂಡು ಪೆಟ್ರೋಲೂ ಜಾಸ್ತಿ ಬಿಡತೈತಿ, ರೇಸೂ ಏರಿಸಿ ಇಟ್ಕೊಂತೈತಿ. ಮೈಲೇಜ್ ಡಬಲ್ ಅಲ್ಲ, ಖರ್ಚು.

*ದೊಡ್ಡಪ್ಪ, 7:44*
ವೀಣಾ, ಹಿರಿಯರು ಒಳ್ಳೇದಕ್ಕಂತ ಕಳಿಸಿರ್ತಾರ. ಮಾತಾಡೋ ರೀತಿ ಅಂತ ಒಂದೈತಿ.

*ಪಂಪಣ್ಣ ಗಂಗಾವತಿ, 7:52*
ಏನ ಹೇಳ್ರಿ, ಆ ಅಂಬಾಸಿಡರ್ ಕಾಲನ ಬ್ಯಾರೆ. ಚೋಕ್ ಎಳಿ, ಸ್ಟಾರ್ಟ್ ಮಾಡು, ಚೋಕ್ ಒತ್ತು, ಮುಗೀತು. ಮಂತ್ರಾಲಯಕ್ಕ ಹನ್ನೊಂದು ಮಂದಿ ಹೋಗಿದ್ವಿ ಅದರಾಗ. ತುಂಗಭದ್ರಾ ಸೇತುವೆ ಮ್ಯಾಲ ಅತ್ತಿ ಬುತ್ತಿ ಬಿಚ್ಚಿದ್ಲು…

*ಮಲ್ಲು, 7:53*
ಹನ್ನೊಂದಲ್ಲ ಅಣ್ಣಾ, ಒಂಬತ್ತು. ನನ್ನ ಬಿಟ್ಟು ಹೋಗಿದ್ರಿ.

*ಬಸು, 8:05*
ಕಾಕಾ, ಬುತ್ತಿ ಆಮ್ಯಾಲ. ಗಾಡಿ ಕಾಸಿ, ಫ್ಯಾನ್ ಒಂದು ಸಲ ತಿರುಗಿ ನಿಂತ ಮ್ಯಾಲ, ಎಸಿ, ಲೈಟ್ ಎಲ್ಲಾ ಬಂದ್ ಮಾಡಿ 20 ಸೆಕೆಂಡ್ ವಿಡಿಯೋ ಕಳಸ್ರಿ. ಬಾನೆಟ್ ತಗದು. ಟಿವಿ ಸೌಂಡ್ ಬ್ಯಾಡ.

*ಶರಣು ಕಾಕಾ, 8:31*
🎥 ವಿಡಿಯೋ

*ಬಸು, 8:47*
ಮೀಟರಿನ್ಯಾಗ ಆರ್‌ಪಿಎಂ ಮುಳ್ಳಿಲ್ಲ (ನಿಮಿಷಕ್ಕ ಎಷ್ಟು ಸುತ್ತು ಅಂತ ತೋರಸೋದು), ಹಂಗಾಗಿ ಸೌಂಡ್ ಅಳದೀನಿ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗಿ ಎರಡು ಸಲ ಹೊಡಿತೈತಿ. ಮೊಬೈಲ್ ಆಪಿನ್ಯಾಗ ಬಂದ, ಸೆಕೆಂಡಿಗಿ ಎಷ್ಟು ಹೊಡತ ಅನ್ನೋ ಹರ್ಟ್ಸ್‌ಗೆ 30ರಿಂದ ಗುಣಿಸಿದ್ರ ಆರ್‌ಪಿಎಂ. ಕಾಕಾಂದು 53 ಬಂತು, ಅಂದ್ರ 1590. ಇರಬೇಕಾದ್ದು 28ರ ಹತ್ತಿರ, 850ರ ಆಸುಪಾಸು. ಮೂರು ಸಿಲಿಂಡರಿನ ಮಾರುತಿ 800 ಇರೋರು 40ರಿಂದ ಗುಣಿಸ್ರಿ.

*ಮಲ್ಲು, 8:50*
ಬ್ಯಾಟರಿ ವೈರ್ ತಗದ್ರ ಆಗಂಗಿಲ್ಲೇನು? ಎರಡನೇದ್ದು ಸುಲಭ ಐತಿ.

*ಬಸು, 8:58*
ಕಂಪ್ಯೂಟರ್ ಕಲ್ತದ್ದು ಮರಿತೈತಿ, ಎರಡು ದಿನಕ್ಕ ಮತ್ತ ಕಲಿತೈತಿ. ರೋಗ ಅಲ್ಲೇ ಇರತೈತಿ. ಬ್ಲೂಟೂತ್ ಸ್ಕ್ಯಾನರ್ ತರಬ್ಯಾಡ್ರಿ ಮತ್ತ, ಗಾಡಿ ತನ್ನ ದೋಷ ತಾನ ಹೇಳೋ ಒಬಿಡಿ ವ್ಯವಸ್ಥೆ ಕಡ್ಡಾಯ ಆಗೂದಕ್ಕ ಮೊದಲಿನ ಗಾಡಿ ಇದು, ಮಾತಾಡತೈತಿ ಅನ್ನೋ ಖಾತ್ರಿ ಇಲ್ಲ.

ರೇಸ್ ಏರೈತಿ ಅಂದ್ರ ಎಲ್ಲಿಂದೋ ಗಾಳಿ ಜಾಸ್ತಿ ಹೋಗಾಕತ್ತೈತಿ ಅಂತ. ಝೆನ್ನಿನ್ಯಾಗ ಗಾಳಿ ಅಳಿಯೋದು ಎಂಎಪಿ ಸೆನ್ಸರ್, ಮ್ಯಾನಿಫೋಲ್ಡ್ ಅನ್ನೋ ಗಾಳಿ ಕೊಳವೆ ಒಳಗಿನ ಒತ್ತಡ ನೋಡತೈತಿ. ಕಳ್ಳದಾರೀಲೆ ಬಂದ ಗಾಳಿಗೂ ಅದು ಲೆಕ್ಕ ಹಾಕಿ ಪೆಟ್ರೋಲ್ ಕೊಡಸತೈತಿ, ಅದಕ್ಕ ಇಂಜಿನ್ ಬಂದ್ ಬೀಳೋ ಬದಲಿ ಓಡತೈತಿ. ದಾರಿ ಯಾವುದು ಅನ್ನೋದನ್ನ ಒಂದೊಂದ ಮುಚ್ಚಿ ನೋಡಬೇಕು.

ಮೊದಲ ಎಕ್ಸಲೇಟರ್ ಕೇಬಲ್. ಥ್ರಾಟಲ್ ಹತ್ರ ಬೆರಳಿಲೆ ಒತ್ತಿದ್ರ ಸ್ವಲ್ಪ ಸಡಿಲ ಇರಬೇಕು, ತಂತಿ ಬಿಗಿ ಇರಬಾರದು. ಕಾಲಾಗಿನ ಮ್ಯಾಟ್ ಪೆಡಲ್ ಮ್ಯಾಲ ಕುಂತಿರತೈತಿ ಒಮ್ಮೊಮ್ಮೆ, ಅದನ್ನೂ ನೋಡ್ರಿ. ಆಮ್ಯಾಲ ಏರ್ ಪೈಪ್ ಬಿಚ್ಚಿ, ಥ್ರಾಟಲ್ ಬಾಯಾಗ ಗಾಳಿ ತಡಿಯೋ ಪಟ್ಟಿಗಿಂತ ಮೊದಲು ಇರೋ ಸಣ್ಣ ತೂತು ಬೆರಳಿಲೆ ಮುಚ್ರಿ. ಅದು ಐಎಸಿ ವಾಲಿನ ದಾರಿ, ಪೆಡಲ್ ಬಿಟ್ಟಾಗ ಗಾಳಿ ಬಿಡೋ ವಾಲು. ಮುಚ್ಚಿದ ಕೂಡ್ಲೆ ರೇಸ್ ಧಸಕ್ ಅಂತ ಇಳೀತಂದ್ರ ಗಾಳಿ ಅಲ್ಲಿಂದನ. ಆಗ ವಾಲು ಕಾರ್ಬನ್ ಹಿಡದು ಸಿಕ್ಕಾಕ್ಕೊಂಡೈತಿ, ಇಲ್ಲಾ ಕಂಪ್ಯೂಟರೇ ತೆರಸೈತಿ. ಇಳೀಲಿಲ್ಲಂದ್ರ ಸೋರಿಕೆ ಬ್ಯಾರೆ ಕಡೆ. ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಇಂಜಿನ್ ಒಳಗಿನ ಹೊಗೆ ವಾಪಸ್ ಒಯ್ಯೋದು) ಇಕ್ಕಳದಾಗ ಬಟ್ಟಿ ಸುತ್ತಿ ಒಂದೊಂದ ಹಿಸುಕ್ರಿ. ನಮ್ಮ ಬಿಸಿಲಿಗಿ ರಬ್ಬರ್ ಪೈಪಿನ ತುದಿ ಸೀಳಿರತಾವು, ಮೊಣಕಾಲಿನಂಗ ಬಗ್ಗಿದ ಜಾಗದಾಗ ತಳಕ್ಕ ಕೈ ಹಾಕಿ ನೋಡ್ರಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಬಾಟಲಿಲೆ ಸಾಬೂನು ನೀರು ಚಿಮುಕಿಸ್ರಿ, ಸೌಂಡ್ ಬದಲಾದ್ರ ಅಲ್ಲೇ ಸೋರಿಕೆ. ಕಾರ್ಬ್ ಕ್ಲೀನರ್ ಹೊಡಿಯೋ ಯಾರದಾರೋ ವಿಡಿಯೋ ನೋಡಿ ಅದನ್ನ ಹೊಡೀಬ್ಯಾಡ್ರಿ, ಪಕ್ಕದಾಗ ಎಕ್ಸಾಸ್ಟ್ ಕೆಂಡ ಆಗಿರತೈತಿ.

*ದೊಡ್ಡಪ್ಪ, 9:04*
ಇಷ್ಟುದ್ದ ಯಾರು ಓದ್ತಾರ? ಮುಖ್ಯಾಂಶ ಹೇಳು.

*ಪಂಪಣ್ಣ ಗಂಗಾವತಿ, 9:06*
ಏರ್ ಫಿಲ್ಟರ್ ಬದಲ ಮಾಡಸ್ರಿ ಸಾಕು. ಗಿಣಗೇರಿ ಕಡಿ ಹೋದ್ರ ಫಿಲ್ಟರ್ ಮೂರೇ ತಿಂಗಳಿಗೆ ಕರ್ರಗ ಆಗತೈತಿ.

*ವೀಣಾ, 9:09*
ಫಿಲ್ಟರ್ ಕಟ್ಟಿದ್ರ ಗಾಳಿ ಕಮ್ಮಿ ಹೋಗತೈತಿ ಅಣ್ಣಾ. ರೇಸ್ ಏರಾಕ ಹ್ಯಾಂಗ ಸಾಧ್ಯ?

*ಪಂಪಣ್ಣ ಗಂಗಾವತಿ, 9:10*
ನಾ ಸುಮ್ಮ ಹೇಳ್ದೆ. ಆನೆಗೊಂದಿಗಿ ಹೋದಾಗ ನನ್ನ ಜಾಕ್ ಯಾರು ಒಯ್ದೀರಿ? ಅದನ್ನ ಹೇಳ್ರಿ ಮೊದಲ.

*ಶರಣು ಕಾಕಾ, 10:22*
ಬಸು, ತೂತು ಮುಚ್ಚಿದೆ. ರೇಸ್ ಭಾಳ ಇಳೀತು. ಬಂದ್ ಬೀಳಂಗಾತು.

*ಬಸು, 10:25*
ಹಂಗಾರ ಪೈಪ್ ಬಿಡ್ರಿ. ಹೈವೇದಿಂದ ಬಂದ ಕೂಡ್ಲೆ ರೇಸ್ ಜಾಸ್ತಿ ಇದ್ದು, ಹತ್ತು ನಿಮಿಷ ನಿಂತಲ್ಲೆ ಇಟ್ರ ಕಮ್ಮಿ ಆಗತೈತೇನು? ಟೆಂಪರೇಚರ್ ಮುಳ್ಳು ಎಲ್ಲಿರತೈತಿ?

*ಶರಣು ಕಾಕಾ, 10:29*
ಹೌದು, ಆಮ್ಯಾಲ ಇಳಿತೈತಿ. ಮುಳ್ಳು ಕಾಲು ಭಾಗನೂ ಏರಂಗಿಲ್ಲ. ಗಾಡಿ ತಂಪು ಐತಿ ಅಂತ ಖುಷಿ ಇದ್ದೆ.

*ವೀಣಾ, 10:30*
🙄 ಥರ್ಮೋಸ್ಟಾಟ್ ಐತೋ ಇಲ್ಲೋ ಕಾಕಾ?

*ಶರಣು ಕಾಕಾ, 10:34*
ಹೋದ ಬ್ಯಾಸಿಗಿಗಿ ಮಿಸ್ತ್ರಿ ತಗದ. ಮಲ್ಲು ಹೂಂ ಅಂದಿದ್ದ.

*ಮಲ್ಲು, 10:35*
ನಾ ಎಲ್ಲಿ ಅಂದೆ? ಗ್ರೂಪಿನ್ಯಾಗ ಮ್ಯಾಲ ಹೋಗಿ ನೋಡ್ರಿ, ‘ನಿಮ್ಮಿಷ್ಟ’ ಅಂತ ಬರದೀನಿ.

*ದೊಡ್ಡಪ್ಪ, 10:37*
ಮನೆತನದಾಗ ಹೂಂ ಅನ್ನೋದಕ್ಕೂ ನಿಮ್ಮಿಷ್ಟ ಅನ್ನೋದಕ್ಕೂ ವ್ಯತ್ಯಾಸ ಇಲ್ಲ.

*ಬಸು, 10:51*
ಜಗಳ ಸಂಜಿಗಿ ಮಾಡ್ರಿ. ಹೊಸ ಥರ್ಮೋಸ್ಟಾಟ್ ಜೋಡಿ ಗ್ಯಾಸ್ಕೆಟ್ಟೂ ತರ್ರಿ. ಅದರಾಗ ಸಣ್ಣ ಅಲ್ಲಾಡೋ ಪಿನ್ ಇರತೈತಿ, ಅದು ಮ್ಯಾಲ ಬರಬೇಕು, ಇಲ್ಲಂದ್ರ ಗಾಳಿ ಹೊರಗ ಬರಂಗಿಲ್ಲ. ಬೋರ್ ನೀರು ಹಾಕಬ್ಯಾಡ್ರಿ, ಬಿಳಿ ಪದರು ಕಟ್ಟಿ ರೇಡಿಯೇಟರ್ ನಳಿಗೆ ಮುಚ್ಚತಾವು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತಣ್ಣಗಿದ್ದಾಗ ಮುಚ್ಚಳ ತಗದು, ಹೀಟರ್ ಫುಲ್ ಇಟ್ಟು ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲೂತನಕ ತುಂಬ್ರಿ. ಬಿಸಿ ಇದ್ದಾಗ ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ.

ಅದಾದ ಮ್ಯಾಲೂ ರೇಸ್ ಇಳೀಲಿಲ್ಲಂದ್ರ ನೀರಿನ ಬಿಸಿ ಅಳಿಯೋ ಕೂಲಂಟ್ ಸೆನ್ಸರ್ ಬಿಚ್ಚಿ ಓಮ್ ಮೀಟರ್ ಹಿಡೀರಿ. 40 ಡಿಗ್ರಿಗಿ ಸುಮಾರು 1.1 ಕಿಲೋ ಓಮ್, 80ಕ್ಕ 0.3. ಬಿಸಿ ನೀರಾಗೂ 1ರ ಮ್ಯಾಲ ನಿಂತ್ರ ಸೆನ್ಸರ್ ಹೋಗೈತಿ. ಕನೆಕ್ಟರಿನ್ಯಾಗ ಹಸಿರು ಕಿಲುಬು ಇದ್ರ ಮೊದಲ ಅದನ್ನ ತಗೀರಿ.

ಇನ್ನೊಂದು. ಸ್ಕ್ರೂ ಮುಟ್ಟೀರೇನು? ಅದಕ್ಕ ಫ್ಯಾಕ್ಟರಿ ಬಣ್ಣ ಹಚ್ಚಿರತಾರ. ತಿರುವಿದ್ರ ಪಟ್ಟಿ ಪೂರಾ ಮುಚ್ಚಂಗಿಲ್ಲ, ‘ಪೆಡಲ್ ಬಿಟ್ಟಾರ’ ಅನ್ನೋದು ಕಂಪ್ಯೂಟರಿಗೆ ತಿಳಿಯಂಗಿಲ್ಲ, ರೇಸ್ ಏರಿಳಿತ ಶುರು ಆಗತೈತಿ.

*ಶರಣು ಕಾಕಾ, 10:58*
_ಈ ಸಂದೇಶವನ್ನು ಅಳಿಸಲಾಗಿದೆ_

*ವೀಣಾ, 10:59*
ಓದಿದೆ ಕಾಕಾ. ಎಷ್ಟು ಸುತ್ತು?

*ಬಸು, 11:00*
ಖರೇ ಹೇಳ್ರಿ, ಅಷ್ಟ ವಾಪಸ್ ತಿರುವಬೇಕು.

*ಶರಣು ಕಾಕಾ, 11:06*
ಅರ್ಧ ಸುತ್ತು. ಉಳದದ್ದು ಮಲ್ಲು ತಿರುವ್ಯಾನ.

*ಮಲ್ಲು, 11:06*
ಕಾಕಾ!!